ಪಾಕೆಲ್ಬೆಲ್‌ನ ಕ್ಯಾನನ್: ಎಂಟು ಸ್ವರಗಳ ಮೇಲೆ ಮೂರು ಪಿಟೀಲು

ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿ, ಅಲ್ಲಿಯೇ ತೀರಿಕೊಂಡ ಆರ್ಗನ್ ವಾದಕ ಯೋಹಾನ್ ಪಾಕೆಲ್ಬೆಲ್ (1653–1706) ಮೂರು ಪಿಟೀಲುಗಳಿಗೂ ಮಂದ್ರದ ಆಧಾರ ವಾದ್ಯಗಳಿಗೂ ಡಿ ಮೇಜರ್‌ನಲ್ಲಿ ಬರೆದ ‘ಕ್ಯಾನನ್ ಮತ್ತು ಜೀಗ್’ (ಜೀಗ್ ಎಂದರೆ ಒಂದು ಬಗೆಯ ಕುಣಿತದ ಸಂಗೀತ) ಅಚ್ಚಾದದ್ದು 1919ರಲ್ಲಿ. ಕ್ಯಾನನ್‌ನಲ್ಲಿ ಒಂದೇ ಗತಿಯನ್ನು, ಅಂದರೆ ಸ್ವರಗಳ ಸಾಲನ್ನು, ಮೂವರು ಬೇರೆ ಬೇರೆ ಹೊತ್ತಿನಲ್ಲಿ ಎತ್ತಿಕೊಂಡರೂ ಅವು ಒಂದಕ್ಕೊಂದು ತಾಗದೆ ಹೊಂದಿಕೊಳ್ಳುವುದು ಹೇಗೆ ಎಂಬುದನ್ನು ಈ ಟಿಪ್ಪಣಿಯಲ್ಲಿ ನೋಡೋಣ.

ಮೊದಲು ಆಧಾರವನ್ನು ಹಿಡಿಯಬೇಕು. ಡಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಮಂದ್ರದ ಆಧಾರ ವಾದ್ಯವಾದ ಚೆಲ್ಲೊ ನುಡಿಸುವುದು ಶಂಕರಾಭರಣದ ಸ್ವರಗಳಲ್ಲಿ ಎಂಟೇ ಹೆಜ್ಜೆ: ಸ ಪ ದ ಗ ಮ ಸ ಮ ಪ. ಎರಡು ಅಳತೆಗಳ (ಒಂದು ಅಳತೆಗೆ ನಾಲ್ಕು ಹೆಜ್ಜೆ) ಈ ಆವರ್ತ 28 ಬಾರಿ ಬರುತ್ತದೆ, ಒಮ್ಮೆಯೂ ಬದಲಾಗುವುದಿಲ್ಲ. ತಂಬೂರಿಯ ಅಚಲ ಶ್ರುತಿಗೆ ಒಗ್ಗಿದ ನಮ್ಮ ಕಿವಿ ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು, ಏಕೆಂದರೆ ಇಲ್ಲಿ ಆಧಾರವೇ ನಡೆಯುತ್ತದೆ, ಮೇಲಿನ ಸ್ವರದ ಬೆಲೆ ಆಯಾ ಹೆಜ್ಜೆಗೆ ತಕ್ಕಂತೆ ತಿರುಗುತ್ತದೆ.

ಚೆಲ್ಲೊ ಒಂದು ಆವರ್ತ ಮುಗಿಸಿದ ಮೇಲೆ ಮೊದಲನೆಯ ಪಿಟೀಲು ‘ಗ ರಿ ಸ ನಿ ದ ಪ ದ ನಿ’ ಎಂದು ಇಳಿಯುತ್ತದೆ. ಎರಡು ಸಾಲುಗಳನ್ನೂ ಒಂದರ ಕೆಳಗೊಂದು ಬರೆದುಕೊಳ್ಳಿ. ಚೆಲ್ಲೊವಿನ ಸ ಮೇಲೆ ಗ, ಪ ಮೇಲೆ ರಿ, ದ ಮೇಲೆ ಸ, ಗ ಮೇಲೆ ನಿ: ಆಧಾರ ಸ್ವರದಿಂದ ಎಣಿಸಿದರೆ ಒಮ್ಮೆ ಮೂರನೆಯದು, ಒಮ್ಮೆ ಐದನೆಯದು ಎಂಬ ಸರದಿ ಏಳನೆಯ ಹೆಜ್ಜೆಯವರೆಗೂ ತಪ್ಪುವುದಿಲ್ಲ, ಎಂಟನೆಯದರಲ್ಲಿ ಮಾತ್ರ ಮತ್ತೆ ಮೂರನೆಯದೇ ಬರುತ್ತದೆ. ಇನ್ನೆರಡು ಅಳತೆಗಳ ಬಳಿಕ ಎರಡನೆಯ ಪಿಟೀಲು ಇದೇ ಗತಿಯನ್ನು ಹಿಡಿದಾಗ ಮೊದಲನೆಯದು ‘ಸ ನಿ ದ ಪ ಮ ಗ ಮ ರಿ’ ಎಂದು ಮುಂದೆ ಸಾಗಿರುತ್ತದೆ. ಏಳು ಹೆಜ್ಜೆಗಳ ಉದ್ದಕ್ಕೂ ಅದು ಎರಡನೆಯದಕ್ಕಿಂತ ಸರಿಯಾಗಿ ಮೂರನೆಯ ಸ್ವರ ಕೆಳಗಿದೆ. ಪ್ರತಿಯೊಂದು ಗತಿಯೂ ಅದೇ ಎಂಟು ಹೆಜ್ಜೆಗಳಿಗೆ ಹೊಂದುವಂತೆ ಹುಟ್ಟಿರುವುದರಿಂದ ಹಿಂದಿನದೂ ಮುಂದಿನದೂ ಜೊತೆಗೂಡಿದಾಗ ಬಿಕ್ಕಟ್ಟು ಬರುವುದಿಲ್ಲ. ಮೂರನೆಯ ಪಿಟೀಲು ಸೇರಿದ ಮೇಲಂತೂ ಒಂದೇ ರಚನೆಯ ಮೂರು ಗಳಿಗೆಗಳು ಏಕಕಾಲದಲ್ಲಿ ಕೇಳಿಸುತ್ತವೆ, ಇದನ್ನು ಗುರುತಿಸಿದಾಗ ಆಗುವ ಸಂತೋಷ ದೊಡ್ಡದು.

ಮುಂದೆ ಸ್ವರಗಳು ಎರಡನೆಯ, ಮೂರನೆಯ ಕಾಲಕ್ಕೆ ಏರಿ ದಟ್ಟವಾಗಿ, ಕಡೆಯಲ್ಲಿ ಮತ್ತೆ ತಿಳಿಯಾಗುತ್ತವೆ. ಮೂವರೂ ಒಟ್ಟಿಗೆ ನಿಲ್ಲಬೇಕಾದ್ದರಿಂದ, ತಡವಾಗಿ ಬಂದ ಇಬ್ಬರಿಗೆ ಮೊದಲಿಗನ ಕೊನೆಯ ಗತಿಗಳು ಸಿಗುವುದೇ ಇಲ್ಲ. ಅಭ್ಯಾಸದಲ್ಲಿ ನಾನು ಕಂಡುಕೊಂಡದ್ದೆಂದರೆ, ಮೊದಲನೆಯ ಪಿಟೀಲನ್ನು ಬಿಟ್ಟು ಎರಡನೆಯದನ್ನೇ ಆರಂಭದಿಂದ ಹಿಂಬಾಲಿಸಿದರೆ ಈ ಹೆಣಿಗೆ ಬೇಗ ಬಿಡಿಸಿಕೊಳ್ಳುತ್ತದೆ.

ಫ್ರಾನ್ಸಿನ ಜಾನ್ ಫ್ರಾಂಸ್ವಾ ಪಯ್ಯಾರ್ ಅವರ ವಾದ್ಯವೃಂದ 1968ರಲ್ಲಿ ಮಾಡಿದ ಧ್ವನಿಮುದ್ರಣದಿಂದ ಈ ಕೃತಿ ಮನೆಮಾತಾಯಿತು. ಅದು ಬಹಳ ನಿಧಾನ, ವಾದ್ಯಗಳೂ ಹಲವು. ಕಲಿಯುವವರು ಒಂದೊಂದು ಭಾಗಕ್ಕೆ ಒಬ್ಬೊಬ್ಬರೇ ನುಡಿಸಿದ, ಹಾರ್ಪ್ಸಿಕಾರ್ಡ್ (ಕೀಲಿಮಣೆ ಒತ್ತಿದಾಗ ತಂತಿ ಮೀಟುವ ಹಳೆಯ ವಾದ್ಯ) ಅಥವಾ ಪುಟ್ಟ ಆರ್ಗನ್ ಇರುವ ಮುದ್ರಣವನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಅದರಲ್ಲಿ ಎಳೆಗಳು ಬೇರೆಬೇರೆಯಾಗಿ ಕೇಳುತ್ತವೆ. ಹಲವರು ಕೈಬಿಡುವ ಜೀಗ್ ಭಾಗವನ್ನೂ ತಪ್ಪದೆ ಕೇಳಿ: 12/8 ನಡೆಯ ಆ ಕುಣಿತದಲ್ಲಿ ಎಂಟು ಸ್ವರಗಳ ಆವರ್ತ ಮಾಯವಾಗಿದ್ದು, ಪಿಟೀಲುಗಳು ಒಂದರ ಮಾತನ್ನು ಒಂದು ಅನುಕರಿಸುತ್ತ ಓಡುತ್ತವೆ.