ಸಿನಾಪ್ಸಿಸ್ ಬರೆಯುವ ಮೊದಲು ಎರಡು ಸಲ ಕೂಡಬೇಕು

‘ಮಹಿಳಾ ಸಬಲೀಕರಣದಲ್ಲಿ ಸ್ತ್ರೀಶಕ್ತಿ ಸಂಘಗಳ ಪಾತ್ರ: ಒಂದು ಅಧ್ಯಯನ.’ ಪಿಎಚ್.ಡಿ. ಸಿನಾಪ್ಸಿಸ್, ಅಂದರೆ ಸಂಶೋಧನೆಯ ಪ್ರಸ್ತಾವ, ಬರೆಯುವವರಿಗಾಗಿ ನಾವು ನಡೆಸುವ ಕಾರ್ಯಾಗಾರಕ್ಕೆ ಪಾವಗಡ ಕಡೆಯ ಸಂಶೋಧನಾರ್ಥಿಯೊಬ್ಬಳು ತಂದಿದ್ದ ಶೀರ್ಷಿಕೆ ಇದು. ಸ್ಯಾಂಪಲ್, ಅಂದರೆ ಮಾಹಿತಿ ಕೇಳಬೇಕಾದ ಜನ, ಮುನ್ನೂರು ಎಂದಿತ್ತು. ಯಾಕೆ ಮುನ್ನೂರು ಎಂದು ಕೇಳಿದೆ. “ಸೀನಿಯರ್ಸ್ ಎಲ್ಲ ಅಷ್ಟೇ ತಗೊಂಡಿದ್ದಾರೆ ಮೇಡಂ” ಎಂದಳು.

ಸ್ತ್ರೀಶಕ್ತಿ ಯೋಜನೆ ನಮ್ಮ ರಾಜ್ಯದಲ್ಲಿ ಶುರುವಾದದ್ದು 2000-01ರಲ್ಲಿ. ಅಲ್ಲಿಂದೀಚೆಗೆ ಸ್ವಸಹಾಯ ಸಂಘಗಳ ಮೇಲೆ ಎಷ್ಟು ಪ್ರಬಂಧಗಳು ಬಂದಿವೆ ಎಂಬುದನ್ನು ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಯಾರು ಬೇಕಾದರೂ ನೋಡಬಹುದು. ಮಂಜೂರಾದ ಸಿನಾಪ್ಸಿಸ್‌ಗಳಿಗೆಂದೇ ಶೋಧಗಂಗೋತ್ರಿ ಇದೆ. ವಿಷಯ ಹಳೆಯದಾದರೆ ನನಗೆ ಬೇಸರವಿಲ್ಲ, ಆದರೆ ಆಕೆಯ ಹದಿನೆಂಟು ಪುಟಗಳಲ್ಲಿ ಒಂದೇ ಒಂದು ಪ್ರಶ್ನೆ ಇರಲಿಲ್ಲ. ಉದ್ದೇಶಗಳು ಐದು, ಹೈಪಾಥಿಸಿಸ್ (ಪರೀಕ್ಷಿಸಿ ನೋಡಬೇಕಾದ ಊಹೆ) ನಾಲ್ಕು, ರಿವ್ಯೂ ಆಫ್ ಲಿಟರೇಚರ್ ಎಂಟು ಪುಟ ಇದ್ದವು. ಈ ಹುಡುಗಿಗೆ ಏನು ತಿಳಿಯಬೇಕಾಗಿದೆ ಎಂಬುದು ಮಾತ್ರ ಎಲ್ಲಿಯೂ ಇರಲಿಲ್ಲ.

ಹಾಳೆ ಕೆಳಗಿಡಲು ಹೇಳಿದೆ. “ಇಂಗ್ಲಿಷ್ ಬೇಡ, ‘ಎಂಪವರ್‌ಮೆಂಟ್’ ಬೇಡ. ನಿಮ್ಮೂರಲ್ಲಿ ನೀನು ನೋಡಿದ್ದು ಹೇಳಮ್ಮ.” ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: “ಮೈಕ್ರೋಫೈನಾನ್ಸ್ ಕಂಪನಿ ಸಾಲದ ಕಂತಿನ ದಿನ ನಮ್ಮ ಬೀದೀಲಿ ಒಂದಷ್ಟು ಹೆಂಗಸರು ಬೆಳಿಗ್ಗೇನೇ ಮನೆ ಬಿಟ್ಟು ಹೋಗ್ತಾರೆ ಮೇಡಂ. ಸಂಘದಲ್ಲಿ ಉಳಿತಾಯ ಇದ್ದೂ ಯಾಕೆ ಹಿಂಗಾಗುತ್ತೆ ಅಂತ ನಂಗೆ ಅರ್ಥ ಆಗ್ತಿಲ್ಲ.” ಪಿಎಚ್.ಡಿ. ಅಲ್ಲಿತ್ತು. ಇಂಗ್ಲಿಷಿನ ಗೆರೆ ಹಾಕಿಟ್ಟ ಚೌಕಟ್ಟಿನೊಳಗೆ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದ ಮಕ್ಕಳಲ್ಲಿ ಇದನ್ನು ಪದೇ ಪದೇ ಕಾಣುತ್ತೇನೆ. ತಮಗೆ ಗೊತ್ತಿರುವುದು ಸಂಶೋಧನೆಗೆ ಯೋಗ್ಯವಲ್ಲ ಎಂದು ಅವರಿಗೆ ಯಾರೋ ನಂಬಿಸಿಬಿಟ್ಟಿರುತ್ತಾರೆ.

ನಾವು ನಡೆಸುವ ಕ್ರಮ ಹೀಗಿದೆ. ಬೇರೆ ಬೇರೆ ವಿಭಾಗಗಳ ಹನ್ನೆರಡು ಸಂಶೋಧನಾರ್ಥಿಗಳು, ಕಾರ್ಯಾಗಾರ ನಡೆಸುವ ಇಬ್ಬರು ಮಾರ್ಗದರ್ಶಕರು. ಮೊದಲು ಎರಡು ದಿನ, ನಡುವೆ ಆರು ವಾರ ಬಿಡುವು, ಮತ್ತೆ ಎರಡು ದಿನ. ಈ ಎರಡು ಕೂಟದ ವಿನ್ಯಾಸ ನಮ್ಮದಲ್ಲ. ಅಮೆರಿಕದ ಸೋಶಿಯಲ್ ಸೈನ್ಸ್ ರಿಸರ್ಚ್ ಕೌನ್ಸಿಲ್ ಪಿಎಚ್.ಡಿ. ಪ್ರಸ್ತಾವ ಸಿದ್ಧಪಡಿಸುವವರಿಗಾಗಿ ಇಟ್ಟಿದ್ದ ಫೆಲೋಶಿಪ್‌ನಲ್ಲಿ ವಸಂತದಲ್ಲೊಂದು, ಶರತ್ಕಾಲದಲ್ಲೊಂದು ಕಾರ್ಯಾಗಾರ ಇಟ್ಟು, ನಡುವಿನ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಕ್ಷೇತ್ರಕ್ಕೋ ಪತ್ರಾಗಾರಕ್ಕೋ ಕಳಿಸುತ್ತಿತ್ತು. ನಮ್ಮಲ್ಲಿ ಸಿನಾಪ್ಸಿಸ್ ಒಪ್ಪಿಗೆಯಾದ ಮೇಲೆ ಕ್ಷೇತ್ರಕ್ಕೆ ಹೋಗುವುದು ರೂಢಿ. ನೋಡದೇ ಇರುವ ಊರಿನ ಬಗ್ಗೆ ಹೈಪಾಥಿಸಿಸ್ ಬರೆಸುವುದು ಸರಿಯಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಪಿಪಿಟಿ ಇಲ್ಲ. ಪ್ರತಿಯೊಬ್ಬರೂ ಒಂದು ವಾರ ಮೊದಲೇ ಮೂರು ಪುಟ ಕಳಿಸಬೇಕು. ಆ ಮೂರು ಪುಟವನ್ನು ಮಂಡಿಸುವವರು ಬರೆದವರಲ್ಲ, ಇನ್ನೊಂದು ವಿಭಾಗದವರು. ಅರ್ಥಶಾಸ್ತ್ರದ ಹುಡುಗಿಯ ಪ್ರಸ್ತಾವವನ್ನು ಜಾನಪದದ ಹುಡುಗ ತನಗೆ ತಿಳಿದಂತೆ ಹೇಳುತ್ತಾನೆ. ಹತ್ತು ನಿಮಿಷ ಬರೆದವಳು ಬಾಯಿ ಬಿಡುವಂತಿಲ್ಲ. ಅವನು ಎಲ್ಲಿ ತಡವರಿಸುತ್ತಾನೋ ಅಲ್ಲಿ ಬರವಣಿಗೆ ಕೈಕೊಟ್ಟಿದೆ ಎಂದು ಅವಳಿಗೇ ಗೊತ್ತಾಗುತ್ತದೆ. ವಿದ್ಯಾರ್ಥಿಗಳ ಪಿಎಚ್.ಡಿ. ಗೈಡ್‌ಗಳು ಆ ಕೋಣೆಯಲ್ಲಿ ಇರಬಾರದು ಎಂಬುದು ನಮ್ಮ ಇನ್ನೊಂದು ನಿಯಮ. ಇದು ಅವರ ಮೇಲಿನ ಅಪನಂಬಿಕೆಯಲ್ಲ. 2022ರ ಯುಜಿಸಿ ನಿಯಮದ ಪ್ರಕಾರ ಒಬ್ಬ ಪ್ರಾಧ್ಯಾಪಕರ ಬಳಿ ಒಮ್ಮೆಗೆ ಎಂಟು ಮಂದಿ ಪಿಎಚ್.ಡಿ. ವಿದ್ಯಾರ್ಥಿಗಳು ಇರಬಹುದು. ಪಾಠ, ಮೌಲ್ಯಮಾಪನ, ನ್ಯಾಕ್ (ಗುಣಮಟ್ಟದ ಮಾನ್ಯತೆ) ಕಡತಗಳ ನಡುವೆ ಅವರಿಗೆ ಪ್ರತಿ ಕರಡನ್ನೂ ನಿಧಾನವಾಗಿ ಓದಲು ಆಗುವುದಿಲ್ಲ. ಜೊತೆಗೆ, ಗೈಡ್ ಎದುರಿಗಿದ್ದರೆ “ಇದು ನನಗೆ ಗೊತ್ತಿಲ್ಲ” ಎನ್ನುವ ಮಾತು ವಿದ್ಯಾರ್ಥಿಯ ಬಾಯಿಂದ ಹೊರಡದು.

ಮಾರ್ಗದರ್ಶಕರಿಗೂ ಒಂದು ಕಟ್ಟುನಿಟ್ಟು ಇದೆ: ಪೆನ್ನು ಹಿಡಿಯಬಾರದು. ಮೊದಲ ವರ್ಷಗಳಲ್ಲಿ ನಾನೇ ಕರಡುಗಳನ್ನು ತಿದ್ದಿ ಚಂದಗಾಣಿಸುತ್ತಿದ್ದೆ. ಅಂಥ ಒಂದು ಸಿನಾಪ್ಸಿಸ್ ಹಿಡಿದು ಅದನ್ನು ಒಪ್ಪಬೇಕಾದ ಸಮಿತಿಯ ಮುಂದೆ ನಿಂತ ಹುಡುಗನಿಗೆ ಮೊದಲ ಪ್ರಶ್ನೆಗೇ ಉತ್ತರ ಹೊಳೆಯಲಿಲ್ಲ, ಅದು ನನ್ನ ವಾಕ್ಯವಾಗಿತ್ತು. ಅವನ ಮುಖ ಇಂದಿಗೂ ನೆನಪಿದೆ.

ಪಾವಗಡದ ಹುಡುಗಿ ಆ ಆರು ವಾರಗಳಲ್ಲಿ ಪ್ರಶ್ನಾವಳಿ ಹಂಚಲಿಲ್ಲ. ಅಂಗನವಾಡಿ ಕಾರ್ಯಕರ್ತೆಯ ನೆರವಿನಿಂದ ನಾಲ್ಕು ಸಂಘಗಳ ನಡಾವಳಿ ಪುಸ್ತಕ, ಸಾಲದ ಲೆಡ್ಜರ್ ಓದಿದಳು. ಸಂಘದೊಳಗಿನ ಸಾಲ ಹೆಚ್ಚಾಗಿ ಹೋಗುತ್ತಿದ್ದದ್ದು ಕಂಪನಿ ಕಂತಿನ ಹಿಂದಿನ ದಿನ. ಒಂದು ಸಾಲದ ಕಂತಿಗೆ ಇನ್ನೊಂದು ಸಾಲ. ಹಾಗಾದರೆ ಸಂಘ ಈಗ ಯಾರ ಸೇವೆಯಲ್ಲಿದೆ ಎಂಬ ಪ್ರಶ್ನೆ ಹಿಡಿದು ಎರಡನೇ ಕೂಟಕ್ಕೆ ಬಂದಳು. ಹಳೆಯ ಹದಿನೆಂಟು ಪುಟಗಳಲ್ಲಿ ಉಳಿದದ್ದು ಒಂದೂವರೆ.

ಶೀರ್ಷಿಕೆಯಿಂದ ‘ಒಂದು ಅಧ್ಯಯನ’ ಬಿದ್ದುಹೋಗಿತ್ತು. ಸಮಿತಿಯವರು ಸ್ಯಾಂಪಲ್ ಇಷ್ಟು ಚಿಕ್ಕದೇ ಎಂದಾಗ, ತನಗೆ ಬೇಕಿರುವುದು ಹೆಚ್ಚು ಜನರಲ್ಲ, ಅದೇ ಸಂಘಗಳ ಹತ್ತು ವರ್ಷಗಳ ಲೆಡ್ಜರ್ ಎಂದು ವಿವರಿಸಿದಳಂತೆ. ಆ ಉತ್ತರವನ್ನು ನಾವ್ಯಾರೂ ಹೇಳಿಕೊಟ್ಟಿರಲಿಲ್ಲ.