ಖುಲಾಸೆಯಾದ ಮೇಲೂ ಉಳಿಯುವ ಹೆಸರು

ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಒಬ್ಬರ ಕೇಸು ಮುಗಿಯಿತು ಅಂದುಕೊಳ್ಳಿ. ಆರೋಪ ಸಾಬೀತಾಗಲಿಲ್ಲ, ಖುಲಾಸೆ. ವಕೀಲರು ತೀರ್ಪಿನ ಸರ್ಟಿಫೈಡ್ ಕಾಪಿ ತಂದುಕೊಡುತ್ತಾರೆ. ಆದರೆ ಠಾಣೆಯ ಕಡತದಲ್ಲಿ, ಪೊಲೀಸರ ಕಂಪ್ಯೂಟರಿನಲ್ಲಿ, ಇ-ಕೋರ್ಟ್ಸ್ ಜಾಲತಾಣದಲ್ಲಿ ಆ ಹೆಸರು ಹಾಗೇ ಇರುತ್ತದೆ. ತೆಗೆಸಲು ಅರ್ಜಿ ಯಾರಿಗೆ ಕೊಡಬೇಕು? ಹಳೆಯ ಕ್ರಿಮಿನಲ್ ದಾಖಲೆ ಅಳಿಸುವುದಕ್ಕೆಂದೇ ಮಾಡಿದ ಕಾನೂನು ನಮ್ಮಲ್ಲಿ ಇಲ್ಲ.

ಬೆಂಗಳೂರಿನಲ್ಲಿ ಇದರ ಪೆಟ್ಟು ಜಾಸ್ತಿ. ಐಟಿ ಕಂಪನಿಯಿಂದ ಹಿಡಿದು ಕ್ಯಾಬ್, ಡೆಲಿವರಿ, ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಕೆಲಸದವರೆಗೆ ವೆರಿಫಿಕೇಶನ್ ಕೇಳುತ್ತಾರೆ. ಹೆಸರು ಟೈಪ್ ಮಾಡಿದರೆ ಕೇಸು ಸಿಗುತ್ತದೆ. ಅದು ಹೇಗೆ ಮುಗಿಯಿತು ಅಂತ ಓದುವಷ್ಟು ತಾಳ್ಮೆ ಎಷ್ಟು ಜನಕ್ಕೆ ಇರುತ್ತದೆ?

ಹೆಸರು ಬರೆದಿಟ್ಟುಕೊಳ್ಳುವ ಈ ಅಭ್ಯಾಸ ಬ್ರಿಟಿಷರ ಕಾಲದ್ದು. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ನೋಂದಾಯಿಸಿತು. 1952ರಲ್ಲಿ ಅದು ರದ್ದಾಯಿತು. ಅದರ ಜಾಗಕ್ಕೆ ರಾಜ್ಯಗಳು ರೂಢಿಗತ ಅಪರಾಧಿಗಳ, ಅಂದರೆ ಮತ್ತೆ ಮತ್ತೆ ಅಪರಾಧ ಮಾಡುವವರ, ಕಾಯ್ದೆ ತಂದವು. ನಮ್ಮದು 1961ರದ್ದು. ಇದರ ಜೊತೆಗೆ ರೌಡಿ ಶೀಟ್, ಅಂದರೆ ನಿಗಾ ಇಡಬೇಕಾದವರು ಅಂತ ಠಾಣೆಯಲ್ಲಿ ತೆರೆಯುವ ಕಡತ. ಇದು ಕಾನೂನಿನಲ್ಲಿ ಹುಟ್ಟಿದ್ದಲ್ಲ, ಕರ್ನಾಟಕ ಪೊಲೀಸ್ ಕೈಪಿಡಿಯ 1059ನೇ ಆದೇಶದಲ್ಲಿ ಇರುವಂಥದ್ದು. ಶೀಟ್ ತೆರೆಯಲು ಶಿಕ್ಷೆಯೇ ಆಗಿರಬೇಕೆಂದಿಲ್ಲ. ಒಮ್ಮೆ ತೆರೆದರೆ ಠಾಣೆಯವರು ಆಗಾಗ ಮನೆಗೆ ಬರುತ್ತಾರೆ, ಚುನಾವಣೆ, ಹಬ್ಬ ಬಂದಾಗ ರೌಡಿ ಪರೇಡಿಗೆ ಕರೆಸುತ್ತಾರೆ.

ಇಂಥ ನಿಗಾದ ಬಗ್ಗೆ ಸುಪ್ರೀಂ ಕೋರ್ಟ್ 1960ರ ದಶಕದಿಂದಲೂ ಮಾತಾಡುತ್ತಲೇ ಬಂದಿದೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ರೌಡಿ ಶೀಟಿಗೆ ಮಾರ್ಗಸೂಚಿ ಕೊಟ್ಟಿತು: ಹೆಸರು ಸೇರಿಸುವ ಮುಂಚೆ ಆ ವ್ಯಕ್ತಿಯ ಮಾತು ಕೇಳಬೇಕು. 2024ರ ಮೇನಲ್ಲಿ ಸುಪ್ರೀಂ ಕೋರ್ಟ್, ದೆಹಲಿಯ ಪ್ರಕರಣವೊಂದರಲ್ಲಿ, ಹಿಸ್ಟರಿ ಶೀಟ್ (ನಮ್ಮ ರೌಡಿ ಶೀಟಿನಂಥದ್ದೇ) ಪೊಲೀಸರ ಒಳಗಿನ ದಾಖಲೆ, ಅದು ಸಾರ್ವಜನಿಕರ ಕೈಗೆ ಸಿಗಬಾರದು ಅಂದಿತು. ಏನೂ ಮಾಡದ ಮಕ್ಕಳ ಹೆಸರು ಅದರಲ್ಲಿ ಇರಬಾರದು, ಹಿರಿಯ ಅಧಿಕಾರಿಯೊಬ್ಬರು ಆಗಾಗ ಪರಿಶೀಲಿಸಬೇಕು ಅಂತಲೂ ಹೇಳಿತು. ಹಿಂದುಳಿದ ಸಮುದಾಯದವರ ಹೆಸರು ಪೂರ್ವಗ್ರಹದಿಂದ ಸೇರುವ ಅಪಾಯವನ್ನೂ ಎತ್ತಿ ತೋರಿಸಿ, ಬೇರೆ ರಾಜ್ಯಗಳೂ ಇಂಥ ಬದಲಾವಣೆ ಪರಿಶೀಲಿಸಲಿ ಎಂದಿತು. 1871ರ ನೆರಳು ಇನ್ನೂ ಹೋಗಿಲ್ಲ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ?

ಹಾಗಂತ ಹಳೆಯದನ್ನು ಮರೆಯುವುದು ನಮ್ಮ ಕಾನೂನಿಗೆ ಗೊತ್ತೇ ಇಲ್ಲ ಅಂತಲ್ಲ. ಬಾಲ ನ್ಯಾಯ ಕಾಯ್ದೆಯ 24ನೇ ಕಲಮಿನಲ್ಲಿ ಮಕ್ಕಳ ದಾಖಲೆ ನಾಶ ಮಾಡಲು ಅವಕಾಶವಿದೆ. 1958ರ ಪ್ರೊಬೇಷನ್ ಕಾಯ್ದೆ, ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಒಳ್ಳೆಯ ನಡತೆಯ ಷರತ್ತಿನ ಮೇಲೆ, ಬಿಡುಗಡೆಯಾದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ತಗಲದಂತೆ ಕಾಪಾಡುತ್ತದೆ. 1920ರ ಕೈದಿಗಳ ಗುರುತು ಕಾಯ್ದೆ, ಖುಲಾಸೆಯಾದವರ ಫೋಟೋ, ಬೆರಳಚ್ಚು ನಾಶ ಮಾಡಬೇಕು ಅನ್ನುತ್ತಿತ್ತು. ಅದರ ಬದಲು ಬಂದ 2022ರ ಕಾಯ್ದೆ ಬೆರಳಚ್ಚು, ಫೋಟೋದಂಥ ಗುರುತಿನ ಅಳತೆಗಳನ್ನು 75 ವರ್ಷ ಇಟ್ಟುಕೊಳ್ಳಲು ಬಿಡುತ್ತದೆ. ಈ ಕಾಯ್ದೆಯ ಪ್ರಕಾರವೂ, ಹಿಂದೆ ಶಿಕ್ಷೆಯಾಗಿರದವರು ಖುಲಾಸೆಯಾಗಿ, ಮೇಲ್ಮನವಿಯೆಲ್ಲ ಮುಗಿದ ಮೇಲೆ, ಕೋರ್ಟ್ ಬೇಡ ಅನ್ನದಿದ್ದರೆ, ಅವನ್ನು ಅಳಿಸಬೇಕು. ಆದರೆ ಅಳಿಯುವುದು ಈ ಗುರುತುಗಳಷ್ಟೇ. ಎಫ್‌ಐಆರ್ ಆಗಲಿ, ಕೋರ್ಟಿನ ಕೇಸ್ ನಂಬರ್ ಆಗಲಿ ಅಲ್ಲ. ಕೆಲಸ ತಪ್ಪಿಸುವುದು ಈ ಎರಡೇ.

ಈ ಎರಡೂ ಜಾಲತಾಣಕ್ಕೆ ಬಂದಿದ್ದು ಒಳ್ಳೆಯ ಉದ್ದೇಶದಿಂದಲೇ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು ಆರೋಪಿಗೆ ತನ್ನ ಮೇಲಿನ ದೂರು ಬೇಗ ಗೊತ್ತಾಗಲಿ ಅಂತ. ಕೇಸು ಬಿದ್ದುಹೋದ ಮೇಲೆ ಅದನ್ನು ಕೆಳಗಿಳಿಸುವುದು ಹೇಗೆ ಅನ್ನುವ ವ್ಯವಸ್ಥೆ ಮಾತ್ರ ಅದರ ಜೊತೆ ಬರಲಿಲ್ಲ.

ಮರೆಯಲ್ಪಡುವ ಹಕ್ಕಿನ, ಅಂದರೆ ತನ್ನ ಹಳೆಯ ಮಾಹಿತಿಯನ್ನು ಜಾಲದಿಂದ ತೆಗೆಸಿಕೊಳ್ಳುವ ಹಕ್ಕಿನ, ಚರ್ಚೆಯಲ್ಲಿ ಬೆಂಗಳೂರಿಗೂ ಪಾಲಿದೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ತಂದೆಯ ಅರ್ಜಿ ಒಪ್ಪಿ, ಇಂಟರ್ನೆಟ್ ಹುಡುಕಾಟದಲ್ಲಿ ಅವರ ಮಗಳ ಹೆಸರು ಕಾಣದಂತೆ ನೋಡಿಕೊಳ್ಳಲು ತನ್ನ ರಿಜಿಸ್ಟ್ರಿಗೆ ಹೇಳಿತು. ಅದೇ ವರ್ಷ ಆಗಸ್ಟಿನಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ಸುಪ್ರೀಂ ಕೋರ್ಟ್ ತೀರ್ಪು ಬಂತು. ಖಾಸಗಿತನದ ಆ ಕೇಸಿನಲ್ಲಿ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಖುಲಾಸೆಯಾದವರೊಬ್ಬರ ಹೆಸರು ಮರೆಮಾಚಲು 2024ರ ಫೆಬ್ರವರಿಯಲ್ಲಿ ಮದ್ರಾಸ್ ಹೈಕೋರ್ಟ್ ಒಪ್ಪಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು.

ತಡೆಗೆ ಕಾರಣ ಇಲ್ಲದಿಲ್ಲ. ತೀರ್ಪುಗಳು ಎಲ್ಲರಿಗೂ ಸಿಗಬೇಕು. ಅಭ್ಯರ್ಥಿಯ ಮೇಲಿನ ಕೇಸು ಮತದಾರರಿಗೆ ಗೊತ್ತಿರಬೇಕು. ಮಕ್ಕಳ ಮೇಲೆ ದೌರ್ಜನ್ಯ ಮಾಡಿ ಶಿಕ್ಷೆಯಾದವರ ದಾಖಲೆ ಉಳಿಯಲೇಬೇಕು. ಆದರೆ ಖುಲಾಸೆಯಾದವರನ್ನೂ, ದಂಡ ಕಟ್ಟಿ ಮುಗಿಸಿದ ಪೆಟ್ಟಿ ಕೇಸಿನವರನ್ನೂ ಇವರ ಸಾಲಿಗೇ ಸೇರಿಸುವುದು ಅನ್ಯಾಯ. ಬ್ರಿಟನ್ 1974ರಲ್ಲೇ ಕಾನೂನು ಮಾಡಿ, ಇಷ್ಟು ವರ್ಷ ಕಳೆದ ಮೇಲೆ ಸಣ್ಣಪುಟ್ಟ ಶಿಕ್ಷೆಯನ್ನು ಸಾಮಾನ್ಯ ಕೆಲಸಗಳಿಗೆ ಹೇಳಬೇಕಿಲ್ಲ ಅಂದಿತು. ಅಮೆರಿಕದ ಪೆನ್ಸಿಲ್ವೇನಿಯಾ 2018ರಲ್ಲಿ, ಅರ್ಜಿ ಹಾಕದೆಯೇ ಕೆಲವು ದಾಖಲೆಗಳು ತಾವಾಗಿಯೇ ಮುಚ್ಚಿಹೋಗುವಂತೆ ಮಾಡಿತು. ನನಗೆ ಸರಿ ಅನ್ನಿಸುವುದು ಈ ಎರಡನೆಯದು. ಯಾಕೆಂದರೆ ಅರ್ಜಿ ಅಂದರೆ ವಕೀಲರ ಫೀಸು, ಕೆಲಸಕ್ಕೆ ರಜೆ, ಓಡಾಟ. ಕೂಲಿಯವರಿಗೆ ಅದು ಎಟಕುವುದಿಲ್ಲ.

ದೇಶಕ್ಕೆಲ್ಲ ಅನ್ವಯಿಸುವ ಕಾನೂನಿಗೆ ಸಂಸತ್ತು ಬೇಕು. ರೌಡಿ ಶೀಟಿನ ವಿಷಯದಲ್ಲಿ ಹಾಗಿಲ್ಲ. ಪೊಲೀಸ್ ಕೈಪಿಡಿ ರಾಜ್ಯದ್ದೇ. ಖುಲಾಸೆಯಾಗಿ ಇಷ್ಟು ದಿನದೊಳಗೆ ಶೀಟ್ ಮರುಪರಿಶೀಲಿಸಬೇಕು, ಮುಂದುವರಿಸುವುದಾದರೆ ಕಾರಣ ಬರೆದು ಆ ವ್ಯಕ್ತಿಗೆ ಕೊಡಬೇಕು ಎಂದು 1059ನೇ ಆದೇಶಕ್ಕೆ ಸೇರಿಸುವ ಕೆಲಸವನ್ನು ಬೆಂಗಳೂರಿನಲ್ಲೇ ಮಾಡಬಹುದು.