ಸ್ಟ್ರಾಬೆರಿಯ ಸುಳಿ ಹೂಳಬೇಡಿ

ತಾರಸಿಯಲ್ಲಿ ಸ್ಟ್ರಾಬೆರಿ ಬೆಳೆಸುವವರು ಹೆಚ್ಚಾಗಿ ಕೇಳುವುದು ಗೊಬ್ಬರದ ಬಗ್ಗೆ. ಆದರೆ ಬೆಂಗಳೂರಿನಲ್ಲಿ ಬಹಳಷ್ಟು ಸಸಿಗಳು ಸಾಯುವುದು ನೆಟ್ಟ ಆಳ ತಪ್ಪಿ.

ಎಲೆದಂಟುಗಳೆಲ್ಲ ಹೊರಡುವ ಗಿಡ್ಡ, ದಪ್ಪ ಬುಡವನ್ನು ಹತ್ತಿರದಿಂದ ನೋಡಿ. ನಡುವೆ ಎಳೆ ಎಲೆಯೊಂದು ಮಡಚಿದ ಬೀಸಣಿಗೆಯಂತೆ ಮುದುಡಿ ಕೂತಿರುತ್ತದೆ. ಅದೇ ಸುಳಿ. ಅದು ಮಣ್ಣಿನ ಮಟ್ಟಕ್ಕೆ ಸರಿಯಾಗಿರಬೇಕು. ಅರ್ಧ ಇಂಚು ಹೂತರೂ ತೇವ ನಿಂತು ಕೊಳೆಯುತ್ತದೆ, ತೀರಾ ಮೇಲೆ ಉಳಿದರೆ ಬೇರು ಒಣಗುತ್ತದೆ. ನೀರು ಹಾಕಿದ ಮೇಲೆ ಮಣ್ಣು ಕುಸಿಯುವುದರಿಂದ ಮರುದಿನ ಇನ್ನೊಮ್ಮೆ ನೋಡಿ ಸರಿಮಾಡಿ. ಗಿಡ ಬಾಡಿ ಸತ್ತರೆ ಬುಡವನ್ನು ಉದ್ದಕ್ಕೆ ಸೀಳಿ: ಒಳಗೆ ಕೆಂಪು ಮಿಶ್ರಿತ ಕಂದು ಬಣ್ಣವಿದ್ದರೆ ಕೊಳೆರೋಗ. ಆ ಮಣ್ಣಿಗೆ ಮತ್ತೆ ಸ್ಟ್ರಾಬೆರಿ ಬೇಡ.

ಮಳೆಯ ಜೋರು ತಗ್ಗಿ ರಾತ್ರಿ ತಂಪಾಗುವ ಅಕ್ಟೋಬರ್ ಕೊನೆ, ನವೆಂಬರ್ ನೆಡಲು ಒಳ್ಳೆಯ ಹೊತ್ತು. 8 ಇಂಚಿನ ಕುಂಡಕ್ಕೆ ಒಂದೇ ಸಸಿ. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಸಮಪಾಲು, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಸಾಕು. ಕೋಕೋಪೀಟಿನಲ್ಲಿ ಉಪ್ಪಿರಬಹುದು, ಎರಡು ಸಲ ತೊಳೆದು ನೀರು ಹಿಂಡಿ ತೆಗೆದ ಮೇಲೆಯೇ ಬೆರೆಸಿ, ಈ ಗಿಡ ಉಪ್ಪು ತಡೆಯುವುದಿಲ್ಲ. ಗಡಸು ಬೋರ್‌ವೆಲ್ ನೀರಿನ ತೊಂದರೆಯೂ ಅದೇ: ಎಲೆಯಂಚು ಸುಡುತ್ತದೆ, ಎಳೆ ಎಲೆಯ ನರ ಹಸಿರಾಗಿದ್ದು ಉಳಿದದ್ದು ಹಳದಿಯಾಗುತ್ತದೆ. ಆಗ ಇನ್ನಷ್ಟು ಗೊಬ್ಬರ ಸುರಿದರೆ ಉಪ್ಪೇ ಹೆಚ್ಚುತ್ತದೆ. ಕಾವೇರಿ ನೀರೋ ಹಿಡಿದಿಟ್ಟ ಮಳೆನೀರೋ ಕೊಡಿ.

ಮೊದಲ ಮೂರು ವಾರ ಬಂದ ಹೂ, ಹಬ್ಬುವ ಕುಡಿ ಎಲ್ಲ ಚಿವುಟಿ. ಮನಸ್ಸು ಒಪ್ಪದಿದ್ದರೂ ಬೇರು ಬಲಿಯಲು ಇದು ಬೇಕೇ ಬೇಕು. ಬುಡಕ್ಕೆ ಒಣಹುಲ್ಲು ಹಾಸಿ, ಸುಳಿ ಮಾತ್ರ ತೆರೆದಿರಲಿ.

ಹಣ್ಣು ಸೊಟ್ಟಗಾದರೆ ಅದರ ಮೈಮೇಲಿನ ಬೀಜದಂಥ ಚುಕ್ಕಿಗಳನ್ನು ಗಮನಿಸಿ. ಪರಾಗ ತಲುಪದ ಕಡೆ ಅವು ಸಣ್ಣಗೆ, ಒತ್ತೊತ್ತಾಗಿ ಉಳಿದು, ಅಲ್ಲಿನ ತಿರುಳು ಉಬ್ಬುವುದೇ ಇಲ್ಲ. ಜೇನು ಸುಳಿಯದ ಮೇಲಂತಸ್ತಿನ ಬಾಲ್ಕನಿಯಲ್ಲಿ ಬೆಳಿಗ್ಗೆ ಹತ್ತರ ನಂತರ ಮೆತ್ತನೆಯ ಕುಂಚವನ್ನು ಹೂವಿನ ನಡುವೆ ಸುತ್ತಲೂ ಆಡಿಸಿ.

ಫೆಬ್ರವರಿಯ ಬಿಸಿಲಿಗೆ ಕೆಂಪು ನುಸಿ ಬರುತ್ತದೆ. ಎಲೆಯ ಮೇಲೆ ಸಣ್ಣ ಬಿಳಿಚುಕ್ಕಿ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪುದ್ರಾವಣ ಕಲಸಿ ಸಂಜೆ ಎಲೆಯಡಿಗೆ ಸಿಂಪಡಿಸಿ. ವಾರ ಬಿಟ್ಟು ಮತ್ತೊಮ್ಮೆ.

ಕಿತ್ತ ಮೇಲೆ ಸ್ಟ್ರಾಬೆರಿ ಸಿಹಿಯಾಗುವುದಿಲ್ಲ. ತೊಟ್ಟಿನ ಹತ್ತಿರದ ಬಿಳಿ ಪೂರ್ತಿ ಕೆಂಪಾಗುವ ತನಕ ಬಲೆ ಹೊದಿಸಿ ಅಳಿಲು, ಪಿಕಳಾರಗಳಿಂದ ಕಾಯಿರಿ. ಆಮೇಲೆ ತೊಟ್ಟು ಸಮೇತ ಕತ್ತರಿಸಿ.